ಅರ್ಧ ಮೈಲಿಯ ಮಂಜು

ನುವುಕುಲ್ಲು
೧೯ ಅಕ್ಟೋಬರ್ ೧೯೯೮

ಪ್ರೀತಿಯ ಅಮ್ಮಾ,

ಹೊಟ್ಟೆಯ ಹೊಲಿಗೆ ಬಿಚ್ಚಿದರೇ? ಜ್ವರ ಪೂರ್ತಿ ಇಳಿಯಿತೇ? ವಿನ್ನಿಪೆಗ್‌ನ ಆಸ್ಪತ್ರೆಯ ಕೋಳಿಮಾಂಸ ನಿನ್ನ ಬಾಯಿಗೆ ಹಿಡಿಸುವುದಿಲ್ಲವೆಂದು ಗೊತ್ತು, ಸ್ವಲ್ಪ ದಿನ ತಡೆದುಕೋ. ಪಕ್ಕದಲ್ಲಿ ಕೂತು ನಿದ್ದೆಗೆಟ್ಟಿರುವ ನನ್ನ ಹೆಂಡತಿಯನ್ನು ನೀನೇ ಗದರಿಸಿ ಮಲಗಿಸು, ನಿನ್ನ ಮಾತನ್ನಾದರೂ ಕೇಳುತ್ತಾಳೆ. ಹನ್ನೊಂದು ವರ್ಷದ ಹುಡುಗಿಗೆ ಅಪ್ಪ ‘ಅಮ್ಮಾ’ ಎಂದು ಬರೆಯುವುದನ್ನು ಕಂಡು ಅಲ್ಲಿನ ದಾದಿಯರು ನಕ್ಕರೆ ನಗಲಿ. ನನ್ನ ತಾಯಿ ತೀರಿಕೊಂಡ ವರ್ಷವೇ ಹುಟ್ಟಿ ಅವಳ ಹೆಸರು ಹೊತ್ತವಳು ನೀನು. ನಮ್ಮವರಲ್ಲಿ ಹೆಸರು ಬಂದರೆ ಮನುಷ್ಯರೇ ಬಂದಂತೆ. ಸಿಟ್ಟು ಬಂದಾಗಲೂ ಹೆತ್ತವಳನ್ನು ಬೈದಂತಾಗುತ್ತದೆಂದು ಬಾಯಿ ಮುಚ್ಚಿಕೊಂಡವನು ನಾನು. ತಪ್ಪು ಮಾಡಿದಾಗ ಹೇಳಿಕೊಳ್ಳಲೂ ನಿನ್ನ ಹತ್ತಿರವೇ ಬರಬೇಕು.

ಇಲ್ಲಿ ನಮ್ಮ ಉತ್ತರದ ಊರಿನಲ್ಲಿ ನೆಲ ಆಗಲೇ ಹೆಪ್ಪುಗಟ್ಟಿದೆ. ರನ್‌ವೇ ಮೇಲಿನ ನಾಯಿಗಳನ್ನು ಓಡಿಸುವುದು, ದೀಪ ನೋಡುವುದು, ಹವೆ ಹೇಗಿದೆಯೆಂದು ರೇಡಿಯೋದಲ್ಲಿ ಹೇಳುವುದು, ನನ್ನ ಕೆಲಸ ನಡೆದೇ ಇದೆ. ಅರ್ಧ ಮೈಲಿ ದೂರದ ಎಣ್ಣೆ ಟ್ಯಾಂಕು ಕಂಡರೆ ವಿಮಾನ ಇಳಿಯಬಹುದು, ಕಾಣದಿದ್ದರೆ ಹಿಂದಿರುಗಬೇಕು. ನಿನ್ನ ಅಪೆಂಡಿಕ್ಸ್ ಒಡೆದ ದಿನ ಮಧ್ಯಾಹ್ನ ಮಂಜು ಕವಿದಿತ್ತು. ನಿನ್ನನ್ನು ಒಯ್ಯಲು ಬಂದ ಪೈಲಟ್ ಮೇಲಿನಿಂದ ‘ಟ್ಯಾಂಕು ಕಾಣ್ತಿದೆಯಾ?’ ಎಂದ. ನನಗೆ ನನ್ನ ಟ್ರಕ್ಕಿನ ಮೂತಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ‘ಕಾಣ್ತಿದೆ, ಬನ್ನಿ’ ಎಂದೆ. ಇಳಿದ ಮೇಲೆ ಅವನು ನನ್ನನ್ನೇ ದಿಟ್ಟಿಸಿ, ‘ನಿನ್ನ ಕಣ್ಣು ಬಹಳ ಚುರುಕು ಕಣಯ್ಯಾ’ ಎಂದ. ಇಬ್ಬರು ಪೈಲಟ್‌ಗಳು, ಒಬ್ಬ ದಾದಿ. ಮೂವರ ಪ್ರಾಣವನ್ನು ಅವರನ್ನು ಕೇಳದೆ ಪಣಕ್ಕಿಟ್ಟೆ.

ಅದಕ್ಕಿಂತ ಹೆಚ್ಚು ಸುಡುವುದು ಪಕ್ಕದ ಮನೆಯ ಸಿಮಿಯೋನಿಯ ಮುಖ. ಏಪ್ರಿಲ್‌ನಲ್ಲಿ ಅವನ ಹೆಂಡತಿ ಲೀಟಿಯಾ ಹೆರಿಗೆಯಾಗಿ ರಕ್ತ ನಿಲ್ಲದೆ ಮಲಗಿದ್ದಾಗಲೂ ಇಂಥದೇ ಮಂಜು. ಅವತ್ತು ಇದ್ದದ್ದನ್ನು ಇದ್ದಂತೆ ‘ಕಾಣ್ತಿಲ್ಲ’ ಎಂದೆ. ವಿಮಾನ ಹಿಂದಿರುಗಿತು, ಸಂಜೆಯೊಳಗೆ ಅವಳು ಹೋದಳು. ಅವನೇ ನನ್ನ ಬೆನ್ನು ತಟ್ಟಿ, ‘ಇಲ್ಲದ್ದನ್ನ ಇದೆ ಅನ್ನೋಕಾಗುತ್ತಾ, ನೀನೇನು ಮಾಡ್ತೀಯ ಬಿಡು’ ಎಂದಿದ್ದ. ಮೊನ್ನೆ ಮೀನು ತಂದುಕೊಟ್ಟು, ‘ಸದ್ಯ, ನಿಮ್ಮ ಪಾಲಿಗೆ ಮಂಜು ಸರೀತಲ್ಲ’ ಎಂದ. ತನಗೊಂದು ನ್ಯಾಯ ಊರಿಗೊಂದು ನ್ಯಾಯ ಮಾಡಿದ ನನಗೆ ಆ ಮೀನು ತಿನ್ನಲಾಗಲಿಲ್ಲ. ನಾಚಿಕೆಯಾಗುತ್ತದೆ ಅಮ್ಮಾ. ಆದರೆ ನೀನು ಉಳಿದದ್ದಕ್ಕೆ ಪಶ್ಚಾತ್ತಾಪ ಪಡು ಎಂದರೆ ಅದೂ ನನ್ನಿಂದಾಗದು.

ಚೆನ್ನಾಗಿ ತಿಂದು ಬೇಗ ಮನೆಗೆ ಬಾ.

ನಿನಗೆ ಆಶೀರ್ವಾದ ಮಾಡಲೋ, ನಿನ್ನಿಂದ ಬೇಡಲೋ ತಿಳಿಯದ
ನಿನ್ನ ಅಪ್ಪ, ನಿನ್ನ ಮಗ,
ಜೋವಾನಾಸಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಿಮಿಯೋನಿ ಬಂದ. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. ‘ಹಾಗಾದ್ರೆ ಅವತ್ತೂ ಇಳೀಬಹುದಿತ್ತಾ?’ ಎಂದು ಕೇಳಿದ, ಅಷ್ಟೇ. ಎದ್ದು ಹೋಗಿಲ್ಲ, ಅಡುಗೆಮನೆಯಲ್ಲೇ ಕೂತಿದ್ದಾನೆ. ಒಳಕೋಣೆಯಿಂದ ಸಕ್ಕರೆ ತರುವ ನೆಪದಲ್ಲಿ ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಅವನಿಗೆ ಏನು ಹೇಳಲಿ, ಅಮ್ಮಾ?