ಕಿವಿಯಲ್ಲಿ ಹೇಳಿಕೊಟ್ಟ ಮೆಚ್ಚುಗೆ

ಅಮ್ಮ,

ನೀನು ತೀರಿಕೊಂಡ ಮೇಲೆ ಹುಟ್ಟಿದ ನನ್ನ ಮಗಳು ಎಯ್ರಿನ್ ಶಿಶುವಿಹಾರದಲ್ಲಿ ಮತ್ತೆ ಯಾರನ್ನೋ ಕಚ್ಚಿದಳು. ಅದಕ್ಕೇ ಇವತ್ತು ಬೋಡೊ ಊರಿನ ಮಕ್ಕಳ ಚಿಕಿತ್ಸಾಲಯದ ಆಟದ ಕೋಣೆಯಲ್ಲಿ, ಕಿವಿಗೊಂದು ಪುಟ್ಟ ಯಂತ್ರ ಸಿಕ್ಕಿಸಿಕೊಂಡು ಅವಳ ಜೊತೆ ನೆಲದ ಮೇಲೆ ಕೂತಿದ್ದೆ. ಗಾಜಿನಾಚೆ ಕೂತ ಚಿಕಿತ್ಸಕಿ ಟೊರುನ್ ನನ್ನ ಕಿವಿಯಲ್ಲಿ ಮೆಚ್ಚುಗೆಯ ಮಾತು ಹೇಳಿಕೊಡುತ್ತಾಳೆ, ನಾನು ಅದನ್ನು ಮಗಳಿಗೆ ಹೇಳಬೇಕು. ನಗಬೇಡ.

ಎಯ್ರಿನ್ ಮರದ ತುಂಡುಗಳಿಂದ ಹಡಗು ಕಟ್ಟುತ್ತಿದ್ದಳು.

"ಎಷ್ಟು ಜೋಪಾನವಾಗಿ ಜೋಡಿಸ್ತಿದ್ದಾಳೆ ನೋಡಿ, ಅದನ್ನೇ ಹೇಳಿ," ಎಂದಳು ಟೊರುನ್.

"ಎಷ್ಟು ಜೋಪಾನವಾಗಿ ಜೋಡಿಸ್ತಿದ್ದೀಯ, ಪುಟ್ಟಿ! ನಂಗೆ ತುಂಬಾ ಇಷ್ಟ ಆಯ್ತು."

ಅವಳು ತಲೆಯೆತ್ತಿ ನನ್ನ ಕಿವಿಯನ್ನೇ ನೋಡಿದಳು.

"ಅದನ್ನ ತೆಗ್ದು ಹೇಳಮ್ಮ."

ತೆಗೆದು ನೆಲದ ಮೇಲಿಟ್ಟೆ. ಅವಳು ಹಡಗನ್ನು ನನ್ನ ಮುಂದಕ್ಕೆ ತಳ್ಳಿ ಕಾದಳು. ಚಿಕ್ಕಂದಿನಲ್ಲಿ ನೀನು ನನಗೆ ಹೇಳಿದ್ದ ಅಂಥದ್ದೊಂದು ಮಾತು ನೆನಪಾದರೆ ಅದನ್ನೇ ಹೇಳಿಬಿಡೋಣವೆಂದು ಹುಡುಕಿದೆ. ಹುಡುಕುತ್ತಲೇ ಇದ್ದೆ, ಅಮ್ಮ.

"ಆಯ್ತಲ್ಲ, ಈಗ ಎಲ್ಲಾ ಎತ್ತಿಡು," ಎಂದುಬಿಟ್ಟೆ. ದನಿಯೂ ನಿನ್ನದೇ.

ಅವಳು ಅಳಲಿಲ್ಲ, ಕಚ್ಚಲೂ ಇಲ್ಲ. ಯಂತ್ರವನ್ನು ನೆಲದಿಂದ ಎತ್ತಿಕೊಂಡು, ಜೋಪಾನವಾಗಿ, ನನ್ನ ಕಿವಿಗೆ ಮತ್ತೆ ಸಿಕ್ಕಿಸಿದಳು.