ಹೊಲದ ಆ ಅರ್ಧ ಬಡಕಲಾಗಿಯೇ ಇರಬೇಕಿತ್ತು

ಸಂಶೋಧನಾ ಅನುದಾನ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಪ್ರಯೋಗವನ್ನು ‘ಅತ್ಯುತ್ತಮ ಪ್ರಗತಿ’ ಎಂದು ಆರಿಸಿ, ಮುಂದಿನ ಸಂಶೋಧನಾ ಸಮಾವೇಶದಲ್ಲಿ ಫಲಕ ಕೊಡುವುದಾಗಿ ತಿಳಿಸಿದ್ದೀರಿ. ಆ ಪ್ರಯೋಗ ಹಾಳಾಗಿದೆ. ಹಾಳಾದದ್ದು ನಿಮ್ಮ ಹೊಸ ವರದಿ ನಿಯಮದಿಂದಲೇ. ಹಲವು ಸಲ ಬರೆದರೂ ತಾವು ಉತ್ತರಿಸದ ಕಾರಣ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಹಿರಿಯೂರಿನಾಚೆ ಜವನಗೊಂಡನಹಳ್ಳಿ ಕಡೆ ಬಿತ್ತನೆಗೆ ಮುಂಚೆ ಹೊಲದಲ್ಲಿ ರಾತ್ರಿ ಕುರಿಮಂದೆ ತರುಬಿಸುವುದು ವಾಡಿಕೆ. ಕುರಿ ಮಲಗಿದ ನೆಲಕ್ಕೆ ಅದರ ಹಿಕ್ಕೆ, ಉಚ್ಚೆಯೇ ಗೊಬ್ಬರ. ಅದರ ಕಸುವು ರಾಗಿಗೆ ಎಷ್ಟು, ಎಲ್ಲಿಯತನಕ ಎಂದು ತಿಳಿಯುವುದು ನನ್ನ ಕೆಲಸ. ಅದಕ್ಕೆಂದು ಅಲ್ಲಿನ ರೈತ ಮಹಿಳೆ ರಂಗಕ್ಕನವರ ಹೊಲದ ಅರ್ಧದಲ್ಲಿ ಕುರಿ ತರುಬಿಸಿ, ಉಳಿದರ್ಧಕ್ಕೆ ಏನೂ ಹಾಕದೆ ಎರಡು ವರ್ಷ ಹೋಲಿಸಿದ್ದೆ. ಇನ್ನೊಂದು ವರ್ಷ ಕಳೆದಿದ್ದರೆ ಉತ್ತರ ಸಿಗುತ್ತಿತ್ತು.

ಅಷ್ಟರಲ್ಲಿ, ಮೂರನೇ ವರ್ಷದ ಬಿತ್ತನೆಗೆ ಮುಂಚೆ, ನಿಮ್ಮ ಸುತ್ತೋಲೆ ಬಂತು. ಪ್ರತಿ ತಿಂಗಳೂ ಬ್ಯಾನರ್ ಸಮೇತ ಹೊಲದ ಫೋಟೋವನ್ನು ನಿಮ್ಮ ಹೊಸ ಆ್ಯಪ್‌ಗೆ ಹಾಕಬೇಕು, ಅದರಲ್ಲಿ ‘ಕಣ್ಣಿಗೆ ಕಾಣುವ ಪ್ರಗತಿ’ ಇರಬೇಕು, ಹೊಲದಲ್ಲೇ ಸಂಶೋಧನಾ ದಿನಾಚರಣೆಯೂ ನಡೆಯಬೇಕು. ಮಣ್ಣಿನೊಳಗೆ ಆಗುವುದು ಫೋಟೋದಲ್ಲಿ ಹೇಗೆ ಕಾಣಬೇಕು ಸ್ವಾಮಿ? ಮಳೆ ಕೈಕೊಟ್ಟ ತಿಂಗಳು ಪ್ರಗತಿಯನ್ನು ಯಾವ ಅಂಗಡಿಯಿಂದ ತರಲಿ? ಆ್ಯಪ್ ಬಳಸುವ ತರಬೇತಿಗೆಂದು ನೀವು ನಮ್ಮನ್ನು ಕರೆಸಿ ಕೂರಿಸಿಕೊಂಡಿದ್ದಾಗ, ಈ ಸಲ ಫೋಟೋ ತೆಗೆಯಲು ದೊಡ್ಡವರು ಬರುತ್ತಾರಂತೆ ಎಂಬ ಸುದ್ದಿ ರಂಗಕ್ಕನವರ ಕಿವಿಗೆ ಬಿದ್ದಿದೆ. ನಾನು ಮರಳಿ ಬಂದು ನೋಡಿದರೆ ಹೊಲದ ತುಂಬ ಹಿಕ್ಕೆ.

“ಅರ್ಧ ಹೊಲ ಬಡಕಲು ಬಿಟ್ಕಂಡು ಬಂದೋರ ಮುಂದೆ ಹೆಂಗೆ ನಿಂತ್ಕಳ್ಳಿ ಮೇಡಂ? ಕುರಿ ಜುಂಜಣ್ಣುಂಗೆ ಹೇಳಿ ಆ ಕಡೀಕೂ ತರುಬ್ಸಿದೆ. ನಿಮ್ಗೂ ಮರ್ಯಾದೆ ಐತಲ್ಲ,” ಎಂದರು ರಂಗಕ್ಕ.

ನೆಂಟರು ಬರುವರೆಂದು ಅಂಗಳ ಸಾರಿಸಿದವರ ಮೇಲೆ ಸಿಟ್ಟಾಗುವುದು ಹೇಗೆ? ನನಗೆ ಅಳು ಬಂತು, ಮುಖ ತಿರುಗಿಸಿಕೊಂಡೆ. “ಯಾಕ್ ಮೇಡಂ, ಕೆಟ್ಟೋಯ್ತಾ?” ಎಂದು ಅವರು ಮೆಲ್ಲಗೆ ಕೇಳಿದರು.

ಹೌದು, ಕೆಟ್ಟಿತು ಎಂದು ನಿಮಗೆ ವರದಿ ಮಾಡಹೋದೆ. ನಿಮ್ಮ ಆ್ಯಪ್‌ನಲ್ಲಿ ಆರಿಸಿಕೊಳ್ಳಲು ‘ಉತ್ತಮ’, ‘ಅತ್ಯುತ್ತಮ’ ಎರಡೇ ಇವೆ. ಸರ್ಕಾರಿ ದುಡ್ಡಿನಲ್ಲಿ ಏನೂ ಕೆಡುವುದಿಲ್ಲ ಎಂದು ತಾವು ಮೊದಲೇ ತೀರ್ಮಾನಿಸಿರುವಾಗ ಸಂಶೋಧನೆ ಯಾತಕ್ಕೆ? ಕೊನೆಗೆ, ಒಂದೇ ಸಮ ಬೆಳೆದು ನಿಂತ ರಾಗಿಯ ಫೋಟೋ ನೋಡಿ ನಿಮ್ಮ ಸಮಿತಿ ತಲೆದೂಗಿತು. ಎರಡೂ ಅರ್ಧ ಒಂದೇ ಥರ ಏಕಿವೆ ಎಂದು ಒಬ್ಬರಾದರೂ ಕೇಳಬಹುದಿತ್ತು.

ಫಲಕ ನನಗೆ ಬೇಡ, ಆಯ್ಕೆಯನ್ನು ಹಿಂಪಡೆಯಿರಿ. ಕೆಟ್ಟದ್ದನ್ನು ಕೆಟ್ಟಿತೆಂದು ಬರೆಯಲು ಜಾಗ ಕೊಡಿ. ಹೋಲಿಕೆಯನ್ನು ಮೊದಲಿನಿಂದ ಶುರುಮಾಡಲು ಅನುದಾನ ಮುಂದುವರಿಸಿ. ಮುಂಗಾರು ಹತ್ತಿರ ಬಂತು, ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ.

ರಂಗಕ್ಕ ಆಗಲೇ ಮೇಲಿನ ಹೊಲದಲ್ಲಿ ಒಂದು ತುಂಡು ಬಿಟ್ಟಿದ್ದಾರೆ. “ಈ ಸಲ ಯಾರೇ ಬರ್ಲಿ, ಇದ್ರೊಳಗೆ ಒಂದ್ ಕುರೀನೂ ಬಿಡಲ್ಲ. ನಗೋರು ನಗ್ಲಿ,” ಎನ್ನುತ್ತಾರೆ. ಫಸಲಿನ ಹೊತ್ತಿಗೆ ತಾವೂ ಬನ್ನಿ, ಬ್ಯಾನರ್ ಬಿಟ್ಟು ಬನ್ನಿ. ಆ ಬಡಕಲು ರಾಗಿಯ ಮುಂದೆ ಅವರ ಪಕ್ಕದಲ್ಲಿ ನಿಲ್ಲಿ.

ಇಂತಿ,
ನಿಮ್ಮ ಆ್ಯಪ್‌ನಲ್ಲಿ ಗೆದ್ದು, ಹೊಲದಲ್ಲಿ ಸೋತಿರುವ
ಉಷಾರಾಣಿ
ಸಹಾಯಕ ಪ್ರಾಧ್ಯಾಪಕಿ, ಚಿತ್ರದುರ್ಗ