ಹೆಗಲ ಮೇಲಿನ ರುಜು

ಮನೆಯಿಂದ,
ಮಾರ್ಚ್ ೧೨, ಬುಧವಾರ ಸಂಜೆ

ಪ್ರೀತಿಯ ಕೂಸೇ,

ಬೆನ್ನುನೋವು ಹೇಗಿದೆ? ರೇಸಿಗೆ ಮುಂಚೆ ಒಂದೊಂದು ಕಾರಿನೊಳಗೂ ತಲೆ ತೂರಿಸಿ ಡ್ರೈವರನ ಬೆಲ್ಟು, ಹೆಲ್ಮೆಟ್ಟು ಪರೀಕ್ಷಿಸುವ ಕೆಲಸ ನಿನ್ನದು, ಬೆನ್ನು ಸುಮ್ಮನಿರುತ್ತದೆಯೇ? ಬಿಸಿನೀರಿನ ಚೀಲ ಇಟ್ಟುಕೋ. ನನ್ನ ಮಂಡಿ ಎಂದಿನಂತೆ ಮುನಿಸಿಕೊಂಡಿದೆ. ನಿನ್ನಜ್ಜಿಯೂ ಮುನಿಸಿಕೊಂಡಿದ್ದಾಳೆ, ಅದಕ್ಕೆ ಎಣ್ಣೆ ಹಚ್ಚಿದರೆ ಆಗುವುದಿಲ್ಲ. ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಒಳ್ಳೆಯದೇ ಆಯಿತು. ಎತ್ತಿದ್ದರೆ ನಾನು ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತಿದ್ದೆ.

‘ಹಳೇ ಹುಲಿ’ ಎಂದು ಹೊಗಳಿ ಭಾನುವಾರದ ರೇಸಿಗೆ ಬಾವುಟ ಬೀಸಲು ನನ್ನನ್ನು ವೇದಿಕೆ ಹತ್ತಿಸಿದರಲ್ಲ, ಆಗಲೇ ನನ್ನ ತಲೆ ನಿಲ್ಲಲಿಲ್ಲ. ಟೈರ್ ಅಂಗಡಿಯವನ ಮಗನ ಹೆಗಲ ಬೆಲ್ಟು ಸಡಿಲವಾಗಿದೆಯೆಂದು ನೀನು ರೇಸನ್ನೇ ತಡೆದು ನಿಲ್ಲಿಸಿದೆ. ಬಿಸಿಲು ಸುಡುತ್ತಿತ್ತು, ಜನ ಕೂಗುತ್ತಿದ್ದರು, ಮೈಕು ನನ್ನ ಕೈಯಲ್ಲಿತ್ತು. “ಸ್ವಲ್ಪ ತಾಳ್ಮೆಯಿಂದಿರಿ, ನಮ್ಮ ಮೊಮ್ಮಗಳು ಕಾರಲ್ಲೇ ತೊಟ್ಟಿಲು ಕಟ್ಟಿ ಜೋಗುಳ ಹಾಡ್ತಾಳೆ” ಅಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ತಲೆ ಎತ್ತಲಿಲ್ಲ, ಬೆಲ್ಟನ್ನು ಇನ್ನೊಮ್ಮೆ ಎಳೆದು ಪಕ್ಕಕ್ಕೆ ಸರಿದೆ. ನಿನ್ನ ಕಿವಿ ಕೆಂಪಾಗಿದ್ದು ನನಗೆ ಮೇಲಿನಿಂದಲೇ ಕಾಣಿಸಿತು, ಕೂಸೇ. ಆದರೂ ನಾನು ನಗುತ್ತಲೇ ಇದ್ದೆ.

ಮೊದಲ ಸುತ್ತಿನಲ್ಲೇ ಆ ಹುಡುಗ ಗೋಡೆಗೆ ಗುದ್ದಿದ. ಕಾರು ನುಜ್ಜುಗುಜ್ಜಾಯಿತು. ಅವನು ತಾನೇ ಹೊರಗೆ ಬಂದು, ನೆಲದಲ್ಲಿ ಕೂತು, ತನ್ನ ಒಂದು ಶೂ ಎಲ್ಲಿ ಹೋಯಿತೆಂದು ಹುಡುಕತೊಡಗಿದ. ನೀನು ಹೊರಟುಹೋದ ಮೇಲೆ ನಾನು ಅವನನ್ನು ನೋಡಲು ಹೋದೆ. ಅಂಗಿ ಸರಿಸಿ, ಎರಡೂ ಹೆಗಲ ಮೇಲೆ ಬೆಲ್ಟು ಒತ್ತಿ ಮೂಡಿದ್ದ ನೀಲಿ ಬರೆ ತೋರಿಸಿ, “ನೋಡಿ ಸರ್, ನಿಮ್ಮ ಮೊಮ್ಮಗಳ ರುಜು” ಅಂದ. ನನಗೆ ಅವನ ಮುಖ ನೋಡುವುದಕ್ಕಾಗಲಿಲ್ಲ.

ನನ್ನ ಜೊತೆ ರೇಸ್ ಓಡಿಸುತ್ತಿದ್ದ, ನಾವೆಲ್ಲ ‘ಮೀಸೆ’ ಎಂದೇ ಕರೆಯುತ್ತಿದ್ದ ಗೆಳೆಯನ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ನಿಮಗೆ ಹೇಳುತ್ತಿದ್ದೆನಲ್ಲ, ನಗುನಗುತ್ತಾ ಹೋದ ಧೀರ ಅಂತ? ಮೀಸೆ ನಗುತ್ತಿರಲಿಲ್ಲ. ಬೆಲ್ಟು ಬಿಗಿದರೆ ಬೆಂಕಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ, ಸಡಿಲವಿದ್ದರೆ ಹೊರಗೆ ಎಸೆಯಲ್ಪಟ್ಟು ಬದುಕುತ್ತೇವೆ ಎಂದು ನಾವೆಲ್ಲ ನಂಬಿದ್ದೆವು. ಮೀಸೆ ಹೊರಗೇ ಎಸೆಯಲ್ಪಟ್ಟ. ಬೆಂಕಿ ಹತ್ತಲೇ ಇಲ್ಲ. ಅವನನ್ನು ಎತ್ತಿಕೊಂಡವನು ನಾನು. ಕಥೆ ಶುರುವಾದೊಡನೆ ನಿನ್ನಜ್ಜಿ ತಟ್ಟೆ ಬಿಟ್ಟು ಏಳುತ್ತಿದ್ದಳು, ಕೇಳಿ ಕೇಳಿ ಬೇಜಾರಾಗಿರಬೇಕು ಎಂದುಕೊಂಡಿದ್ದೆ. ಮೀಸೆ ಸತ್ತ ದಿನ ಅವಳು ಪ್ರೇಕ್ಷಕರ ಸಾಲಿನಲ್ಲಿ ಅವನ ಹೆಂಡತಿಯ ಪಕ್ಕದಲ್ಲೇ ಕೂತಿದ್ದಳು ಎಂಬುದು ನನಗೆ ನೆನಪಾದದ್ದು ಮೊನ್ನೆ. ಎಂಥ ಮನುಷ್ಯ ನಾನು! ನಾಚಿಕೆಯಾಗುತ್ತಿದೆ.

ಅಜ್ಜಿ ನಿನಗೆ ಮುತ್ತು ಕಳಿಸಿದ್ದಾಳೆ, ನನ್ನ ಪಾಲಿನದನ್ನೂ ಅವಳ ಹೆಸರಿನಲ್ಲೇ ತೆಗೆದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಬಾಳು.

ನಿನ್ನ ಬಾಯಿಬಡುಕ ತಾತ

ಮರೆತೆ, ಅಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಈ ಭಾನುವಾರ ನಿನ್ನ ತಮ್ಮನ ರೇಸ್ ಇದೆ. ನಮ್ಮ ಟ್ರ್ಯಾಕಿಗೆ ಇನ್ನು ಬೇರೆಯವರನ್ನು ಕಳಿಸಿ ಎಂದು ನೀನು ಹೇಳಿದೆಯಂತೆ. ದಯವಿಟ್ಟು ನೀನೇ ಬಾ. ಬೆಲ್ಟು ಎಳೆಯುವಾಗ ಎದೆ ತುಂಬ ಉಸಿರೆಳೆದು, ಹೆಗಲೆತ್ತಿ ಕೂರುವುದನ್ನು ಅವನಿಗೆ ಕಲಿಸಿದವನು ನಾನೇ. ಆಮೇಲೆ ಉಸಿರು ಬಿಟ್ಟರೆ ಅಂಗೈ ತೂರುವಷ್ಟು ಸಡಿಲ. ಬೇಡ ಕಣೋ ಎಂದು ನಿನ್ನೆ ಕೈಮುಗಿದೆ. “ಮೀಸೆ ತಾತ ಬಿಗಿದುಕೊಳ್ತಿದ್ರಾ?” ಎಂದು ನಕ್ಕ. ಉಳಿದ ಪರೀಕ್ಷಕರು ಹಳೇ ಹುಲಿಯ ಮೊಮ್ಮಗನೆಂದು ಬೆನ್ನು ತಟ್ಟಿ ಬಿಟ್ಟುಬಿಡುತ್ತಾರೆ. ಮೈಕು ಮತ್ತೆ ನನಗೇ ಕೊಡುತ್ತಾರಂತೆ. ಈ ಚಾಳಿ ಕಲಿಸಿದವನು ನಾನೇ ಎಂದು ಅದರಲ್ಲೇ ಹೇಳುತ್ತೇನೆ, ಜನ ನನ್ನನ್ನು ನೋಡಿ ನಗಲಿ. ನೀನು ಮಾತ್ರ ಬೆಲ್ಟನ್ನು ಹಿಡಿದುಕೊಂಡೇ ನಿಂತಿರು. ಅವನು ಉಸಿರು ಬಿಡಲಿ. ಆಮೇಲೆ ಎಳೆ.